ಹಿಮ ಕರಗುವ ಮುನ್ನ: ಗದಗಿನ ಗೆಳೆಯನಿಗೊಂದು ಪತ್ರ

ರಾಚೆಸ್ಟರ್, ನ್ಯೂಯಾರ್ಕ್ ರಾಜ್ಯ
ಮಾರ್ಚ್ ತಿಂಗಳ ಮೂರನೇ ವಾರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಯುಗಾದಿ ಕಳೆದ ಮೇಲೆ ಗರಡಿಮನೆಗೆ ಬೀಗ ಹಾಕಿಬಿಡುತ್ತೇನೆ ಎಂದು ಬರೆದಿದ್ದೀಯ. "ಹುಡುಗರನ್ನು ತಿದ್ದಿ ತೀಡುವವರು ನಾವು. ನಾಲ್ಕು ಪಟ್ಟು ಕೈಗೆ ಹತ್ತಿದ ಕೂಡಲೇ ಅವರು ಕ್ರೀಡಾ ನಿಲಯಕ್ಕೋ ದೊಡ್ಡ ಊರಿಗೋ ಹೊರಟುಹೋಗುತ್ತಾರೆ. ಇನ್ನು ಯಾರಿಗೆಂದು ಮಣ್ಣು ಹದ ಮಾಡಲಿ?" ಎಂಬ ನಿನ್ನ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಅಂದೇ ಉತ್ತರ ಬರೆಯಲು ಕೂತೆ, ಕೈ ಓಡಲಿಲ್ಲ. ನಿನ್ನೆ ಇಡೀ ದಿನ ಇಲ್ಲಿಯ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಕುರ್ಚಿ ಒರೆಸಿ ಬಂದೆ. ಇವತ್ತು ಮಾತು ತಾನಾಗಿ ಬರುತ್ತಿದೆ.

ಹೋದ ವರ್ಷ ನಿವೃತ್ತನಾದೆನಲ್ಲ, ಈ ಚಳಿಗಾಲದಲ್ಲಿ ಮನೆಯಲ್ಲಿ ಕೂತು ಕೂತು ಬೇಸರವಾಗಿ, ಕ್ರೀಡಾಂಗಣದಲ್ಲಿ ಬೇಸಿಗೆಯ ಕೆಲಸಕ್ಕೆ ಜನ ಬೇಕು ಎಂದು ಕೇಳಿ ಹೋದೆ. ಸಾಲಿನಲ್ಲಿ ನನ್ನ ಮುಂದೆ ಹೈಸ್ಕೂಲು ಹುಡುಗಿ, ನನ್ನ ಹಿಂದೆ ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಅಂಚೆಯವರು. ಮೂವರಿಗೂ ಕೆಲಸ ಸಿಕ್ಕಿತು. ಟಿಕೆಟ್ ನೋಡಿ ಜನರನ್ನು ಅವರವರ ಜಾಗಕ್ಕೆ ಕರೆದೊಯ್ದು ಕೂರಿಸುವುದು, ಒದ್ದೆಯಾದ ಕುರ್ಚಿ ಒರೆಸಿ ಕೊಡುವುದು, ಗಾಲಿಕುರ್ಚಿಯಲ್ಲಿ ಬಂದವರಿಗೆ ದಾರಿ ಮಾಡುವುದು, ಗುಂಪಿನಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಮುಟ್ಟಿಸುವುದು. ಇಷ್ಟೇ ನನ್ನ ಕೆಲಸ. ಮೂವತ್ತು ವರ್ಷ ಯಂತ್ರಗಳ ನಕ್ಷೆ ಬರೆದ ಕೈಗೆ ಈ ಕೆಲಸ ಎಷ್ಟು ಹಿತವಾಗಿದೆ ಎಂದು ನಿನಗೆ ಹೇಗೆ ತಿಳಿಸಲಿ!

ತಂಡದ ಹೆಸರು ರಾಚೆಸ್ಟರ್ ರೆಡ್ ವಿಂಗ್ಸ್. ಇದು ಮೈನರ್ ಲೀಗ್ ತಂಡ. ಅದೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿನ್ನ ಪ್ರಶ್ನೆಯ ಬೇರು ಅಲ್ಲೇ ಇದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೂಟವಾದ ಮೇಜರ್ ಲೀಗ್‌ನಲ್ಲಿ ಮೂವತ್ತು ತಂಡಗಳಿವೆ. ಒಂದೊಂದರ ಕೆಳಗೂ ನಾಲ್ಕು ಮೆಟ್ಟಿಲಿನಂತೆ ನಾಲ್ಕು ಊರುಗಳ ತಂಡಗಳು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಟ್ರಿಪಲ್ ಎ ಎನ್ನುತ್ತಾರೆ. ನಮ್ಮದು ಆ ಮೆಟ್ಟಿಲು. ಆಟಗಾರರಿಗೆ ಸಂಬಳ ಕೊಡುವುದು ನಾವಲ್ಲ, ವಾಷಿಂಗ್ಟನ್ ನ್ಯಾಷನಲ್ಸ್ ಎಂಬ ಮೇಲಿನ ತಂಡ. ಇವತ್ತು ಇಲ್ಲಿ ಚೆನ್ನಾಗಿ ಆಡಿದವನಿಗೆ ನಾಳೆ ಅಲ್ಲಿಂದ ಕರೆ ಬಂದರೆ ಅವನು ಚೀಲ ಕಟ್ಟಿಕೊಂಡು ಹೊರಟ. ನಮ್ಮನ್ನು ಯಾರೂ ಕೇಳುವುದಿಲ್ಲ. ಮೈದಾನ, ದೀಪ, ಟಿಕೆಟ್, ತಿಂಡಿ, ಚಪ್ಪಾಳೆ, ಇವು ಮಾತ್ರ ನಮ್ಮವು.

ಅಂದರೆ, ಗೆಳೆಯಾ, ಒಳ್ಳೆಯ ಆಟಗಾರ ಬಿಟ್ಟುಹೋಗಲೆಂದೇ ಇರುವ ಊರು ಇದು. 1941ರಲ್ಲಿ ಸ್ಟಾನ್ ಮ್ಯೂಸಿಯಲ್ ಎಂಬ ತರುಣ ಇಲ್ಲಿ ಐವತ್ತು ಚಿಲ್ಲರೆ ಪಂದ್ಯ ಆಡಿದ, ಮೇಲಿನ ತಂಡದವರು ಕರೆಸಿಕೊಂಡರು, ಮುಂದೆ ಬೇಸ್‌ಬಾಲ್ ಕಂಡ ಮಹಾನ್ ಬ್ಯಾಟರ್‌ಗಳಲ್ಲಿ ಒಬ್ಬನಾದ. ಚೆಂಡೆಸೆತಕ್ಕೆ ಹೆಸರಾದ ಬಾಬ್ ಗಿಬ್ಸನ್ ಹೋದ. 1981ರಲ್ಲಿ ಕ್ಯಾಲ್ ರಿಪ್ಕಿನ್ ಹೋದ, ಮುಂದೆ 2,632 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಸತತವಾಗಿ ಆಡಿದ. ಹೋಗುವ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ರಿಪ್ಕಿನ್ ಇದ್ದ ನಮ್ಮ ತಂಡ ಪಾಟಕೆಟ್ ಎಂಬ ಊರಿನಲ್ಲಿ ಆಡಿದ ಆಟವನ್ನು ಇಲ್ಲಿಯ ಹಳಬರು ಇನ್ನೂ ಹೇಳುತ್ತಾರೆ. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಾದ ಪಂದ್ಯ ಸಮಬಲದಲ್ಲೇ ಮುಂದುವರಿದು, ಬೆಳಗಿನ ಜಾವ ನಾಲ್ಕು ಗಂಟೆ ಏಳು ನಿಮಿಷಕ್ಕೆ ನಿಲ್ಲಿಸುವ ಹೊತ್ತಿಗೆ 32 ಇನ್ನಿಂಗ್ಸ್ ಆಗಿದ್ದವು. ಚಳಿ ತಡೆಯಲಾರದೆ ಆಟಗಾರರು ಮುರಿದ ಬ್ಯಾಟುಗಳನ್ನೇ ಉರಿಹಾಕಿ ಕೈ ಕಾಯಿಸಿಕೊಂಡರಂತೆ. ಕೊನೆಯವರೆಗೂ ಕೂತಿದ್ದ ಪ್ರೇಕ್ಷಕರು 19 ಜನ. ಜೂನ್‌ನಲ್ಲಿ ಮತ್ತೆ ಆಡಿದಾಗ 33ನೇ ಇನ್ನಿಂಗ್ಸ್‌ನಲ್ಲಿ ನಮ್ಮವರು 3–2ರಿಂದ ಸೋತರು. ಆ ಹತ್ತೊಂಬತ್ತು ಜನರನ್ನು ನಾನು ಆಗಾಗ ನೆನೆಯುತ್ತೇನೆ.

ಈಗ ನಿನಗೆ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. 1920ರ ದಶಕದ ಕೊನೆಯಿಂದ ಈ ತಂಡದ ಒಡೆತನ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬ ಮೇಜರ್ ಲೀಗ್ ಸಂಸ್ಥೆಯದಾಗಿತ್ತು. 1956ರ ಕೊನೆಗೆ ಅವರು ಇನ್ನು ಇದು ನಮಗೆ ಬೇಡ ಎಂದರು. ಅಂದರೆ ನೀನು ಈಗ ಆಡುತ್ತಿರುವ ಮಾತೇ: ಬೀಗ ಹಾಕೋಣ. ಆಗ ಮಾರಿ ಸಿಲ್ವರ್ ಎಂಬ ಸ್ಥಳೀಯ ವ್ಯಾಪಾರಿ ಊರಿನ ಜನರನ್ನು ಕಟ್ಟಿಕೊಂಡು ಹೊರಟರು. ತಂಡವನ್ನೂ ಮೈದಾನವನ್ನೂ ಊರೇ ಕೊಳ್ಳಬೇಕು ಎಂದು ಶೇರು ಮಾರಿದರು. ಚಳಿಗಾಲದ ಆ ಓಡಾಟವನ್ನು ಇಲ್ಲಿಯವರು '72 ದಿನಗಳ ಯುದ್ಧ' ಎಂದೇ ಕರೆಯುತ್ತಾರೆ. 1957ರ ಆಟ ಶುರುವಾಗುವ ಮೊದಲೇ 8,222 ಜನ ಶೇರುದಾರರಾಗಿ ತಂಡ ಊರಿನದಾಯಿತು. ಲಾಭ ಬರುತ್ತದೆಂದು ನಂಬಿ ದುಡ್ಡು ಹಾಕಿದವರು ಅವರಲ್ಲಿ ಹೆಚ್ಚು ಮಂದಿ ಇರಲಾರರು. ಆಟಗಾರ ನಿಲ್ಲುವುದಿಲ್ಲ ಎಂಬುದು ಅವರೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಕೊಂಡರು.

ಇದನ್ನು ಮೊದಲು ಕೇಳಿದ ದಿನ ನನಗೆ ನೆನಪಾದದ್ದು ನಮ್ಮ ಕಣಗಿನಹಾಳ. ಮಾಸ್ತರರು ನಮ್ಮನ್ನು ಅಲ್ಲಿಗೆ ಕರೆದೊಯ್ದು, 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ ಕಥೆ ಹೇಳಿದ್ದು ನಿನಗೆ ನೆನಪಿದೆಯೇ? ಬಿಸಿಲು, ಹಸಿವು, ನಮಗೆ ಆಗ ಅದರ ಬೆಲೆ ತಿಳಿಯಲಿಲ್ಲ. ಏಷ್ಯಾದಲ್ಲೇ ಮೊದಲನೆಯದು ಎಂದು ನಾಡು ಹೆಮ್ಮೆಪಡುವ ಸಂಘ ನಮ್ಮ ಬಾಗಿಲಲ್ಲೇ ಇತ್ತು. ಅದನ್ನು ಅರಿಯಲು ನಾನು ಒಂದು ಬೇಸ್‌ಬಾಲ್ ಮೈದಾನಕ್ಕೆ ಬರಬೇಕಾಯಿತು.

ನಿನ್ನೆಯ ದಿನದ ಬಗ್ಗೆ ಹೇಳುತ್ತೇನೆ. ಮೊದಲ ಪಂದ್ಯಕ್ಕೆ ಇನ್ನು ಹತ್ತು ದಿನವಿದೆ. ಈ ಊರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 100 ಅಂಗುಲ ಹಿಮ ಬೀಳುತ್ತದೆ. ಮಾರ್ಚ್ ಬಂದರೂ ಅದು ಪೂರ್ತಿ ಹೋಗಿರುವುದಿಲ್ಲ. ಗ್ಯಾಲರಿಯ ಮೆಟ್ಟಿಲುಗಳ ನೆರಳಿನ ಮೂಲೆಗಳಲ್ಲಿ ಕಪ್ಪಾದ ಹಿಮದ ಗಡ್ಡೆ. ನಾವು ಸಲಿಕೆಯಿಂದ ಒಡೆದು ಬಕೆಟ್ಟಿಗೆ ತುಂಬಿ ಸಾಗಿಸಿದೆವು. ನನ್ನ ಪಾಲಿಗೆ ಬಂದದ್ದು ಮೂರನೇ ಬೇಸಿನ ಕಡೆಯ ಎರಡು ವಿಭಾಗ. ಕುರ್ಚಿಯೊಂದನ್ನು ಬಿಡಿಸಿದರೆ ಮಡಿಕೆಯಲ್ಲಿ ಹೋದ ಸೆಪ್ಟೆಂಬರಿನ ಶೇಂಗಾ ಸಿಪ್ಪೆ ಹಾಗೇ ಹೆಪ್ಪುಗಟ್ಟಿತ್ತು. ಬಿಸಿನೀರಿನ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಉಜ್ಜಬೇಕು. ಅಂಚೆಯವರು ಪಕ್ಕದ ಸಾಲಿನಲ್ಲಿ ಒರೆಸುತ್ತಾ ಒಂದು ಕುರ್ಚಿಯ ಹತ್ತಿರ ನಿಂತರು. ಅವರ ಹೆಂಡತಿ ಇಪ್ಪತ್ತು ವರ್ಷ ಕೂತ ಜಾಗವಂತೆ. ಈಗ ಆಕೆ ಇಲ್ಲ. ಆ ಕುರ್ಚಿಯನ್ನು ಅವರು ಎರಡು ಸಲ ಒರೆಸಿದರು.

ಆಟಗಾರರು ಯಾರೂ ಇಲ್ಲಿಲ್ಲ. ಅವರೆಲ್ಲ ಎರಡು ಸಾವಿರ ಕಿಲೋಮೀಟರ್ ದಕ್ಷಿಣಕ್ಕೆ, ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ಬಿಸಿಲಲ್ಲಿ ತಯಾರಿ ನಡೆಸಿದ್ದಾರೆ. ಯಾರು ವಾಷಿಂಗ್ಟನ್‌ಗೆ, ಯಾರು ನಮ್ಮಲ್ಲಿಗೆ ಎಂಬುದು ಕೊನೆಯ ದಿನಗಳವರೆಗೂ ತೀರ್ಮಾನವಾಗುವುದಿಲ್ಲ. ಮದುಮಗ ಯಾರೆಂದು ತಿಳಿಯುವ ಮೊದಲೇ ಹಂದರ ಹಾಕಿ ತೋರಣ ಕಟ್ಟಿದಂತೆ ನಮ್ಮ ಕೆಲಸ. ಈ ತಿಂಗಳಲ್ಲಿ ಇಡೀ ಊರೇ ದುಡಿಯುತ್ತದೆ: ಚಳಿಗೆ ನೀರು ಖಾಲಿ ಮಾಡಿಟ್ಟ ಕೊಳವೆಗಳಿಗೆ ಮತ್ತೆ ನೀರು ಬಿಡುವ ಪ್ಲಂಬರ್, ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಹಾಡಲು ಬಂದು ಧ್ವನಿ ಪರೀಕ್ಷೆಗೆ ಸಾಲು ನಿಂತ ಶಾಲೆಯ ಮಕ್ಕಳು, ಸ್ಪೈಕ್ಸ್ ಮತ್ತು ಮಿಟ್ಸಿ ಎಂಬ ಎರಡು ಹಕ್ಕಿಗಳ ವೇಷ ತೊಟ್ಟು ಮಕ್ಕಳನ್ನು ನಗಿಸುವವರು. ಮೊನ್ನೆ ಹಾಡಲು ಬಂದ ಒಬ್ಬ ಹುಡುಗ ಅರ್ಧಕ್ಕೆ ಸಾಲು ಮರೆತ. ಕೆಳಗೆ ಕೂತಿದ್ದ ಇತರ ಸ್ಪರ್ಧಿಗಳೇ ದನಿಗೂಡಿಸಿ ಅವನನ್ನು ಕೊನೆ ಮುಟ್ಟಿಸಿದರು.

ಒಂದು ವಿಷಯ ಮಾತ್ರ ನಿನಗೆ ವಿವರವಾಗಿ ಹೇಳಬೇಕು, ಮಣ್ಣಿನ ವಿಷಯ. ಹೊಸ ಚೆಂಡು ಬಿಳಿಚಿಕೊಂಡು ಮಿರಮಿರ ಹೊಳೆಯುತ್ತದೆ, ಎಸೆಯುವವನ ಬೆರಳಿಗೆ ಹಿಡಿತ ಸಿಗದೆ ಜಾರುತ್ತದೆ. ಆದ್ದರಿಂದ ಪಂದ್ಯಕ್ಕೆ ಮುಂಚೆ ಪ್ರತಿಯೊಂದು ಚೆಂಡಿಗೂ ಮಣ್ಣು ಉಜ್ಜುತ್ತಾರೆ. ಯಾವುದೋ ಮಣ್ಣಲ್ಲ. ನ್ಯೂಜೆರ್ಸಿಯಲ್ಲಿ ಡೆಲವೇರ್ ನದಿಗೆ ಸೇರುವ ಹೊಳೆಯೊಂದರ ದಂಡೆಯ ರಾಡಿ. 1938ರಲ್ಲಿ ಲೀನಾ ಬ್ಲ್ಯಾಕ್‌ಬರ್ನ್ ಎಂಬ ತರಬೇತುದಾರ ಅದನ್ನು ಹುಡುಕಿ ತಂದ. ತೆಗೆಯುವ ಜಾಗ ಇಂದಿಗೂ ಗುಟ್ಟು. ನಿನ್ನೆ ಮಧ್ಯಾಹ್ನ ಮೈದಾನದ ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು ನನಗೆ ತೋರಿಸಿದ. ಬೆರಳ ತುದಿಗೆ ಹಚ್ಚಿಕೊಂಡು ನೋಡಿದೆ. ಬಟ್ಟೆಯಲ್ಲಿ ಸೋಸಿದ ಎರೆಮಣ್ಣಿನಷ್ಟು ನುಣುಪು, ಆದರೆ ಉಜ್ಜಿದರೆ ಕಾಣದಂಥ ಸಣ್ಣ ಮರಳು ಚರ್ಮಕ್ಕೆ ತಾಕುತ್ತದೆ. ಅಂಗೈಗೆ ಒಂದು ಹನಿ ನೀರು, ಕಡಲೆಯಷ್ಟು ಮಣ್ಣು, ಎರಡೂ ಕೈಯಲ್ಲಿ ಚೆಂಡನ್ನು ಉಂಡೆ ಕಟ್ಟುವ ಹಾಗೆ ತಿರುಗಿಸಿದ. ಹೊಳಪು ಹೋಗಿ ಹಳೆಯ ದಂತದ ಬಣ್ಣ ಬಂತು. 108 ಹೊಲಿಗೆಗಳ ಕೆಂಪು ದಾರ ಮಾತ್ರ ಹಾಗೇ ಉಳಿಯಿತು.

ಗೆಳೆಯಾ, ನನ್ನ ಕಣ್ಣಿಗೆ ಆಗ ಕಂಡದ್ದು ನಮ್ಮ ಅಖಾಡ. ಮಸಾರಿ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಬೆರೆಸಿ ನಿನ್ನ ಅಪ್ಪ ಮೊಣಕಾಲೂರಿ ಕಲಸುತ್ತಿದ್ದರು. ನಮ್ಮನ್ನು ಕುಸ್ತಿಗೆ ಇಳಿಸುವ ಮೊದಲು ಮಣ್ಣಿಗೆ ಇಳಿಸಿದರು. ನಾನು ಒಂದೂ ಕುಸ್ತಿ ಗೆದ್ದವನಲ್ಲ. ಆದರೂ ಆ ಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಬೆನ್ನು ನೇರವಾಗುತ್ತದೆ. ಮೇಸ್ತ್ರಿಗೆ ಈ ಕಥೆ ಹೇಳಿದೆ. ಅವನು ಚೆಂಡನ್ನು ಕೆಳಗಿಟ್ಟು ಪೂರ್ತಿ ಕೇಳಿದ.

ಹೋದವರೆಲ್ಲ ಹೋಗಿಯೇ ಬಿಡುತ್ತಾರೆ ಎಂದೂ ಅಲ್ಲ. ಜೋ ಆಲ್ಟೊಬೆಲ್ಲಿ ಎಂಬವರು ಇಲ್ಲಿ ಆಡಿದರು, 1971ರಿಂದ ಆರು ವರ್ಷ ಈ ತಂಡವನ್ನು ನಡೆಸಿದರು, ಆಮೇಲೆ ಮೇಲಕ್ಕೆ ಹೋಗಿ 1983ರಲ್ಲಿ ಬಾಲ್ಟಿಮೋರ್ ತಂಡಕ್ಕೆ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟರು. ಅಷ್ಟೆಲ್ಲ ಆದ ಮೇಲೆ ರಾಚೆಸ್ಟರ್‌ಗೇ ಮರಳಿ ಬಂದು ತಂಡದ ಆಡಳಿತ ನೋಡಿಕೊಂಡರು, ರೇಡಿಯೊದಲ್ಲಿ ಪಂದ್ಯದ ವಿವರಣೆ ಕೊಟ್ಟರು, 2021ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನವರಾಗಿಯೇ ಉಳಿದರು. ಕ್ರೀಡಾಂಗಣದಲ್ಲಿ ಅವರ ಪ್ರತಿಮೆ ಇದೆ.

ಎಲ್ಲವೂ ಸುಖವಾಗಿದೆ ಎಂದು ನಾನು ಹೇಳುವುದಿಲ್ಲ. ಟ್ರಿಪಲ್ ಎ ಆಟಗಾರನ ಕನಿಷ್ಠ ಸಂಬಳ 2022ರವರೆಗೆ ವರ್ಷಕ್ಕೆ 17,500 ಡಾಲರ್ ಆಗಿತ್ತು. ಈ ದೇಶದಲ್ಲಿ ಅದು ಬಾಡಿಗೆಗೇ ಸಾಲದು. ಹುಡುಗರು ಸಂಘ ಕಟ್ಟಿಕೊಂಡ ಮೇಲೆ 2023ರಲ್ಲಿ 35,800 ಡಾಲರ್ ಆಯಿತು. ವಸತಿಯ ವ್ಯವಸ್ಥೆಯೂ 2022ರಿಂದ ಮೇಲಿನ ತಂಡಗಳ ಹೊಣೆಯಾಗಿದೆ. ಅದಕ್ಕೆ ಮೊದಲು ಊರೂರುಗಳಲ್ಲಿ ಎಷ್ಟೋ ಆಟಗಾರರು ಯಾರದೋ ಮನೆಯ ಖಾಲಿ ಕೋಣೆಯಲ್ಲಿ, ಆ ಮನೆಯ ಮಗನಂತೆ, ಅವರು ಬಡಿಸಿದ್ದನ್ನು ಉಂಡು ದಿನ ಕಳೆದರು. 2021ರಲ್ಲಿ ಮೇಜರ್ ಲೀಗ್‌ನವರು ಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ಸುಮಾರು ನಲವತ್ತು ಊರುಗಳು ಒಂದೇ ಏಟಿಗೆ ಮೇಲಿನ ತಂಡಗಳ ನಂಟು ಕಳೆದುಕೊಂಡವು. ನಮ್ಮ ಪಕ್ಕದ ಬಟೇವಿಯಾ ಎಂಬ ಸಣ್ಣ ಪಟ್ಟಣವೂ ಅದರಲ್ಲಿ ಒಂದು. ಇದು ಅನ್ಯಾಯ ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಆದರೆ ಬಟೇವಿಯಾದವರು ಬೀಗ ಹಾಕಲಿಲ್ಲ. ಅದೇ ಬೇಸಿಗೆಯಲ್ಲಿ ಕಾಲೇಜು ಹುಡುಗರ ಲೀಗ್ ಸೇರಿಕೊಂಡು, ಮಕ್‌ಡಾಗ್ಸ್ ಎಂಬ ಅದೇ ಹಳೆಯ ಹೆಸರಿನಲ್ಲಿ ಆಟ ನಡೆಸಿದರು. ಅಲ್ಲಿ ಈಗ ಆಡುವ ಹುಡುಗರೂ ಒಂದು ಬೇಸಿಗೆ ಆಡಿ ಹೋಗುವವರೇ.

ನಿನ್ನ ಗರಡಿಯಿಂದ ಹೋದ ಹುಡುಗರನ್ನು ನೀನು ನಷ್ಟದ ಪಟ್ಟಿಗೆ ಬರೆದಿದ್ದೀಯ. ಇಲ್ಲಿಯ ಜನ ಅವರನ್ನೇ ಗಳಿಕೆ ಎಂದು ಎಣಿಸುತ್ತಾರೆ. ರಿಪ್ಕಿನ್ ನಮ್ಮಲ್ಲಿ ಆಡಿದ್ದ ಎಂದು ಅಂಚೆಯವರು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀನು. ನಿನ್ನ ಹುಡುಗರ ಹೆಸರು, ಅವರು ಹೋದ ಊರು, ವರ್ಷ, ಇವನ್ನು ಗರಡಿಯ ಗೋಡೆಯ ಮೇಲೆ ಯಾಕೆ ಬರೆಸಬಾರದು? ಮೊದಲ ಹೆಸರು ನಿನ್ನ ಅಪ್ಪನದಿರಲಿ.

ಬೀಗದ ಮಾತು ಬಿಟ್ಟು ಒಂದು ಭಾನುವಾರ ಜನರನ್ನು ಕರೆ. ನೀನೊಬ್ಬನೇ ಹೊತ್ತದ್ದಕ್ಕೆ ಭಾರವಾಗಿದೆ, ಅಷ್ಟೇ. ಹೆಂಚು ಬದಲಿಸಲು ಎಷ್ಟು, ಮಣ್ಣಿಗೆ ಎಷ್ಟು, ವರ್ಷದ ವಿದ್ಯುತ್ತಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಎಲ್ಲರ ಮುಂದೆ ಇಡು. ಪೇಟೆಯ ಅಂಗಡಿಯವರು, ಬೆಟಗೇರಿಯ ನೇಕಾರರು, ದೂರ ಹೋದ ಹಳೆಯ ಪೈಲ್ವಾನರು, ಯಾರು ಎಷ್ಟು ಕೊಟ್ಟರೂ ಪಾಲುದಾರರೇ ಎಂದು ಹೆಸರು ಬರೆದುಕೋ. ನನ್ನ ಹೆಸರನ್ನೂ ಬರೆ. ಏಪ್ರಿಲ್ ಸಂಬಳದಲ್ಲಿ, ಅಂದರೆ ಕುರ್ಚಿ ಒರೆಸಿದ ದುಡ್ಡಿನಲ್ಲಿ, ನನ್ನ ಪಾಲು ಕಳಿಸುತ್ತೇನೆ.

ಇನ್ನೊಂದು ಮರೆತೆ. ಒಂದು ಬುಟ್ಟಿ ಮಸಾರಿ ಮಣ್ಣಿಗೆ ಎಷ್ಟು ಎಣ್ಣೆ, ಎಷ್ಟು ಮಜ್ಜಿಗೆ ಹಾಕುತ್ತಿದ್ದಿರಿ ಎಂದು ಅಳತೆ ಸಮೇತ ಬರೆದು ತಿಳಿಸು. ಮೇಸ್ತ್ರಿ ಕೇಳಿದ್ದಾನೆ, ನನಗೆ ಹೇಳಲು ಗೊತ್ತಾಗಲಿಲ್ಲ.

ನಿನ್ನ,
ಹಳೆಯ ಗೆಳೆಯ