ಲಿಲ ಅಂದರೆ ಪುಟ್ಟ

ಪ್ರೀತಿಯ ಮಹೇಶ,

ಕೋಪನ್‌ಹೇಗನ್ನಿಗೆ ಹೋದ ಮೇಲೆ ಡ್ಯಾನಿಶ್ ಕಲಿಕೆ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ. ಈ ವಾರ ಪೂರ್ತಿ ಒಂದೇ ಪದದ ಹಿಂದೆ ಬಿದ್ದಿದ್ದೇನೆ. 'ಲಿಲ', ಅಂದರೆ ಪುಟ್ಟ.

ಮೊನ್ನೆ ಕೆಳಮನೆಯ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು. ಮಾತಾಡಿಸೋಣ ಅಂತ 'ಲಿಲಟ್ ಬಾರ್ನ್' ಅಂದೆ. ಬಾರ್ನ್ ಅಂದರೆ ಮಗು. ಅಜ್ಜಿ ನಗುತ್ತಾ 'ಲಿಲ ಬಾರ್ನ್' ಅಂತ ತಿದ್ದಿದರು. ನಾನು ಲೆಕ್ಕ ಹಾಕಿಯೇ ಹೇಳಿದ್ದೆ, ನೋಡು. ಈ ಭಾಷೆಯಲ್ಲಿ ನಾಮಪದಕ್ಕೆ ಎರಡು ಲಿಂಗ. ಮಗು ನಪುಂಸಕ, ಹಾಗಾಗಿ ಹಿಂದಿನ ಗುಣವಾಚಕಕ್ಕೆ 'ಟ್' ಹತ್ತಬೇಕು. 'ಸ್ಟೋರ್' ಅಂದರೆ ದೊಡ್ಡ, ದೊಡ್ಡ ಮಗು 'ಸ್ಟೋರ್ಟ್ ಬಾರ್ನ್'. ಲಿಲ ಮಾತ್ರ ಜಪ್ಪಯ್ಯ ಅಂದರೂ ಟ್ ಹಚ್ಚಿಕೊಳ್ಳುವುದಿಲ್ಲ.

ಯಾಕೆ ಅಂತ ಹುಡುಕಿದೆ. ಡ್ಯಾನಿಶ್‌ನ ಮೂಲವಾದ ಹಳೆಯ ನಾರ್ಸ್ ಭಾಷೆಯಲ್ಲಿ ಇದು 'ಲೀತಿಲ್'. 'ಆ ಪುಟ್ಟ' ಅಂತ ಗೊತ್ತಿರುವುದನ್ನು ತೋರಿಸಿ ಹೇಳುವಾಗ 'ಲಿತ್ಲಿ' ಆಗುತ್ತಿತ್ತು. ಬಾಯಲ್ಲಿ ಸವೆದು ಸವೆದು ಅದೇ ಲಿಲ ಆಯಿತು. ಆ ಬಗೆಯ ರೂಪಕ್ಕೆ ಇವತ್ತಿಗೂ ಯಾವ ಗುಣವಾಚಕದಲ್ಲೂ ಟ್ ಇಲ್ಲ. ಹಾಗಾದರೆ ಹಳೆಯ ನಪುಂಸಕ ರೂಪ ಎಲ್ಲಿ ಹೋಯಿತು? ಅದು 'ಲೆಟ್' ಆಗಿ ಬದುಕಿದೆ, 'ಸ್ವಲ್ಪ' ಅನ್ನುವ ಅರ್ಥದಲ್ಲಿ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು ಕಣೋ.

ಬಹುವಚನ ಇನ್ನೂ ವಿಚಿತ್ರ. ಪುಟ್ಟ ಮಗು, ಪುಟ್ಟ ಮಕ್ಕಳು, ನಮ್ಮ ಪುಟ್ಟಕ್ಕೆ ಏನೂ ಆಗಲ್ಲ ಅಲ್ವಾ? ಇಲ್ಲಿ ಮಕ್ಕಳು ಇಬ್ಬರಾದರೆ ಲಿಲ ಜಾಗ ಬಿಟ್ಟುಕೊಡುತ್ತದೆ. ಬೇರೆಯೇ ಬೇರಿನ 'ಸ್ಮೋ' ಬರುತ್ತದೆ, 'ಸ್ಮೋ ಬೋರ್ನ್'. ಇನ್ನೂ ಚಿಕ್ಕದು ಅನ್ನಲು ಮೂರನೆಯ ಪದ, 'ಮೆನ್ರ'.

ಆದರೂ ಲಿಲ ನನಗೆ ಹತ್ತಿರದ್ದು ಅನಿಸುತ್ತದೆ. ಕಿರುಬೆರಳು ಇವರಿಗೂ 'ಲಿಲ' ಬೆರಳೇ. ತಮ್ಮ ಅಂದರೆ 'ಲಿಲ' ಅಣ್ಣತಮ್ಮ. ಬಂದರಿನ ಬಂಡೆಯ ಮೇಲೆ 1913ರಿಂದ ಕೂತಿರುವ ಮತ್ಸ್ಯಕನ್ಯೆಯ ಪ್ರತಿಮೆಯ ಹೆಸರಲ್ಲೂ 'ಲಿಲ'. ನಿಜಕ್ಕೂ ಪುಟ್ಟವಳು, ಎತ್ತರ ಬರೀ ಒಂದೂಕಾಲು ಮೀಟರ್. ಮುದ್ದು ಮಾಡುವಾಗಲೂ ಅದೇ ಪದ, ನಾವು 'ಪುಟ್ಟಾ' ಅನ್ನುವ ಹಾಗೆ.

ನಿನ್ನೆ ಅಜ್ಜಿಯ ಜೊತೆ ಇಬ್ಬರು ಮೊಮ್ಮಕ್ಕಳಿದ್ದರು. 'ಸ್ಮೋ ಬೋರ್ನ್' ಅಂದೆ. ಅಜ್ಜಿ ಕಣ್ಣರಳಿಸಿ, ಡ್ಯಾನಿಶ್ ಬರುತ್ತಾ ಅಂತ ಕೇಳಿದರು.

'ಲೆಟ್' ಅಂದೆ.

ನಿನ್ನ ಗೆಳೆಯ