ಮಂತ್ರಿಗಳೇ, ನಮ್ಮ ಜನರೇಟರ್‌ಗೆ ಕುಂಕುಮ ಸಾಕು, ಡೀಸೆಲ್ ಹಾಕ್ಸಿ

ಮಾನ್ಯ ಮಂತ್ರಿಗಳಿಗೆ ನಮಸ್ಕಾರ.

ನಾನು ಒಂದು ಪಶುವೈದ್ಯಕೀಯ ಕಾಲೇಜಲ್ಲಿ ಪಿಎಚ್‌ಡಿ ಮಾಡ್ತಿರೋಳು. ಯಾವ ಕಾಲೇಜು ಅಂತ ಹೇಳಲ್ಲ, ಹೇಳಿದ್ರೆ ನನ್ನ ಗೈಡ್ ಪಾಡು ನಾಯಿಪಾಡಾಗತ್ತೆ. ಎರಡು ವರ್ಷದಿಂದ ಒಂದೇ ಅರ್ಜಿ ಕೊಡ್ತಿದೀವಿ, ಲ್ಯಾಬ್ ಜನರೇಟರ್‌ಗೆ ಡೀಸೆಲ್ ಕೊಡಿ ಅಂತ. ಯಾವ ಹೆಡ್ಡಲ್ಲಿ ಖರ್ಚು ಹಾಕ್ಬೇಕು, ಯಾರ ಸೈನ್ ಬೇಕು ಎಲ್ಲಾ ನಿಮಗೇ ಗೊತ್ತಿರೋದು, ನಾನೇನು ಬಿಡಿಸಿ ಹೇಳ್ಲಿ.

ನನ್ನ ಕೆಲ್ಸ ಕುದುರೆಗೆ ಬರೋ ಸ್ಟ್ರಾಂಗಲ್ಸ್ ಮೇಲೆ. ಜ್ವರ ಬಂದು ಮೂಗಲ್ಲಿ ಕೀವು ಸುರಿದು ದವಡೆ ಕೆಳಗೆ ಗಂಟು ಊದಿ ಒಡೆಯತ್ತೆ, ಒಂದೇ ತೊಟ್ಟೀಲಿ ನೀರು ಕುಡಿದ್ರೂ ಹರಡತ್ತೆ. ಕಾರಣ ಸ್ಟ್ರೆಪ್ಟೊಕಾಕಸ್ ಈಕ್ವಿ ಅನ್ನೋ ಬ್ಯಾಕ್ಟೀರಿಯಾ. ಅದನ್ನ ಯಾವ ಸೊಪ್ಪು ಸಾಯ್ಸತ್ತೆ ಅಂತ ನೋಡೋಕೆ ಬೇವು, ಲಕ್ಕಿ, ಸೀಬೆ ಎಲೆ ನೆರಳಲ್ಲಿ ಒಣಗ್ಸಿ ಪುಡಿ ಮಾಡಿ ಮೆಥನಾಲಲ್ಲಿ ಎಕ್ಸ್‌ಟ್ರಾಕ್ಟ್ ತೆಗೆದು, 6 ಮಿ.ಮೀ. ಕಾಗದದ ಡಿಸ್ಕಿಗೆ ಹಾಕಿ ಬ್ಯಾಕ್ಟೀರಿಯಾ ಹಚ್ಚಿರೋ ಪ್ಲೇಟ್ ಮೇಲಿಟ್ಟು, ಮಾರನೇ ದಿನ ಸುತ್ತ ಬ್ಯಾಕ್ಟೀರಿಯಾ ಬೆಳೀದೆ ತಿಳಿ ರಿಂಗ್ ಬಂದಿದ್ಯಾ, ಪಕ್ಕದ ಪೆನಿಸಿಲಿನ್ ಡಿಸ್ಕ್ ಮುಂದೆ ಅದೆಷ್ಟು ಅಂತ ಸ್ಕೇಲ್ ಹಿಡ್ದು ಅಳೆಯೋದು. ಪ್ಲೇಟಲ್ಲಿ ಸಾಯೋದು ಬೇರೆ, ಕುದುರೆ ಗಂಟಲಲ್ಲಿ ಸಾಯೋದು ಬೇರೆ, ಅದು ನಂಗೂ ಗೊತ್ತು. ಆದ್ರೂ ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ ಸರ್.

ಬ್ಯಾಕ್ಟೀರಿಯಾ ಏನು ಅಂಗಡೀಲಿ ತಂದಿದ್ದಲ್ಲ. ಮೈಸೂರಲ್ಲಿ ಟಾಂಗಾ ಕುದುರೆಗಳ ಹಿಂದೆ ಅಲೆದು, ಮೂಗಿಗೆ ಸ್ವಾಬ್ ಹಾಕೋಕೆ ಹೋಗಿ ಒದೆ ತಿಂದು, ಹದಿನೈದು ದಿನ ಕುಂಟಿಕೊಂಡೇ ಲ್ಯಾಬಿಗೆ ಬಂದು ಬೆಳೆಸಿದ್ದು. ಗ್ಲಿಸರಾಲಲ್ಲಿ ಹಾಕಿ ಮೈನಸ್ 80 ಡಿಗ್ರಿ ಫ್ರೀಜರಲ್ಲಿ ಜೋಪಾನ ಮಾಡಿಟ್ಟಿದ್ದೆ.

ಆಯುಧಪೂಜೆ ದಿನ ನಮ್ಮ ಜನರೇಟರನ್ನ ತೊಳೆದು ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕಿ ಬೂದುಗುಂಬಳ ಒಡೆದ್ರು, ಕಡ್ಲೆಪುರಿ ಹಂಚಿದ್ರು, ಎಲ್ಲರೂ ಮನೆಗೆ ಹೋದ್ರು. ಡೀಸೆಲ್ ಮಾತ್ರ ಒಂದು ಲೀಟರೂ ಇರ್ಲಿಲ್ಲ. ಅವತ್ತು ರಾತ್ರಿ ಕರೆಂಟ್ ಹೋಯ್ತು. ಮಾರನೇ ದಿನ ವಿಜಯದಶಮಿ, ಅದರ ಮಾರನೇ ದಿನ ಭಾನುವಾರ. ಟಿವೀಲಿ ಮೈಸೂರು ಅರಮನೆ ಜಗಮಗ ಅಂತಿತ್ತು, ನಮ್ಮ ಫ್ರೀಜರ್ ಕತ್ಲಲ್ಲಿ ಬೆವರ್ತಿತ್ತು. ಸೋಮವಾರ ಬಾಗಿಲು ತೆಗೆದ್ರೆ ನೀರು ಕಾಲಿಗೆ ಬಂತು. ಬ್ಯಾಕ್ಟೀರಿಯಾ ಇಟ್ಟಿದ್ದ ಪುಟ್ಟ ಶೀಶೆ ಒಂದೊಂದೇ ಪ್ಲೇಟಿಗೆ ಹಾಕಿ ಎರಡು ದಿನ ಕಾದೆ, ಒಂದೂ ಬೆಳೀಲಿಲ್ಲ. ಸೀಬೆ ಎಲೆಗೆ ಎರಡು ಸಲ ರಿಂಗ್ ಬಂದಿತ್ತು ಸರ್, ಮೂರನೇ ಸಲ ರಿಪೀಟ್ ಮಾಡೋದೊಂದು ಬಾಕಿ ಇತ್ತು.

ಆಫೀಸಲ್ಲಿ ಕೇಳಿದ್ರೆ 'ಫೈಲ್ ಮೇಲೆ ಹೋಗಿದೆಯಮ್ಮ' ಅಂತಾರೆ. ಎಷ್ಟು ಮೇಲೆ, ಚಾಮುಂಡಿ ಬೆಟ್ಟಕ್ಕಾ? ಡೀಸೆಲ್ ಕೊಡಿ. ಎಸಿ ಕೇಳಿಲ್ಲ, ಹೊಸ ಬಿಲ್ಡಿಂಗ್ ಕೇಳಿಲ್ಲ, ಡೀಸೆಲ್.

ಟಾಂಗಾದವರೊಬ್ರು ಈಗ್ಲೂ ಫೋನ್ ಮಾಡಿ 'ಏನವ್ವಾ, ನಿನ್ ಸೊಪ್ಪಿನ ಕಷಾಯ ಏನಾಯ್ತು' ಅಂತ ಕೇಳ್ತಾರೆ. ಅವರ ಕುದುರೆ ಹುಷಾರಾಗಿದೆ, ಸಂತೋಷನೇ. ಹಂಗಂತ ನಾನೀಗ ಯಾರ ಕುದುರೆಗೆ ಮತ್ತೆ ಜ್ವರ ಬರ್ಲಿ ಅಂತ ಕಾಯ್ಲಿ, ನೀವೇ ಹೇಳಿ. ಆ ಫೈಲಿಗೆ ಸೈನ್ ಹಾಕ್ಸಿ, ಡೀಸೆಲ್ ಕೊಡ್ಸಿ.

ಇಂತಿ,
ಮತ್ತೆ ಸೀಬೆ ಎಲೆ ಒಣಗೋಕೆ ಹಾಕಿರೋಳು