ಬೂಷ್ಟು ಹಿಡಿದ ಲೆನ್ಸು, ತಡೆಹಿಡಿದ ಠೇವಣಿ: ಕ್ಯಾಮೆರಾ ಬಾಡಿಗೆ ಸಂಸ್ಥೆಗೆ ಒಂದು ದೂರು ಪತ್ರ

ಮೈಸೂರು
10 ಫೆಬ್ರವರಿ 2025

ಇಂದ:
ನಿರ್ದೇಶಕ, ವಿದ್ಯಾರ್ಥಿ ಚಿತ್ರತಂಡ,
ಪತ್ರಿಕೋದ್ಯಮ ವಿಭಾಗ, ಅಂತಿಮ ವರ್ಷ, ಮೈಸೂರು

ಗೆ:
ವ್ಯವಸ್ಥಾಪಕರು,
ಚಿತ್ರೀಕರಣ ಸಲಕರಣೆಗಳ ಬಾಡಿಗೆ ಸಂಸ್ಥೆ, ಬೆಂಗಳೂರು

ವಿಷಯ: ದೋಷವಿದ್ದ ಲೆನ್ಸನ್ನು ಬಾಡಿಗೆಗೆ ಕೊಟ್ಟು, ಆ ದೋಷವನ್ನು ನಮ್ಮ ಮೇಲೆ ಹೊರಿಸಿ ಠೇವಣಿ ಮುರಿದುಕೊಂಡಿರುವ ಬಗ್ಗೆ.

ಮಾನ್ಯರೇ,

ಜನವರಿ 18 ಮತ್ತು 19ರ ಎರಡು ದಿನಗಳಿಗೆಂದು ತಮ್ಮ ಸಂಸ್ಥೆಯಿಂದ ನಾವು ಬಾಡಿಗೆಗೆ ಪಡೆದ ಸಲಕರಣೆಗಳ ಪೈಕಿ 85 ಎಂಎಂ ಸಿನಿ ಲೆನ್ಸಿನ ಒಳಗಾಜಿನ ಮೇಲೆ ಬೂಷ್ಟು, ಅಂದರೆ ತಮ್ಮ ವೃತ್ತಿಯವರು ಫಂಗಸ್ ಎಂದು ಕರೆಯುವುದು, ಬೆಳೆದಿತ್ತು. ಅದರಿಂದಾಗಿ ನಮ್ಮ ಕಿರುಚಿತ್ರದ ಆರಂಭದ ದೃಶ್ಯ ಕೆಟ್ಟುಹೋಯಿತು. ಅಷ್ಟೇ ಆಗಿದ್ದರೆ ಲೆನ್ಸಿನ ಬಾಡಿಗೆಯನ್ನಷ್ಟೇ ವಾಪಸು ಕೇಳಿ ಸುಮ್ಮನಾಗುತ್ತಿದ್ದೆವು. ಆದರೆ ಸಲಕರಣೆಗಳನ್ನು ಹಿಂದಿರುಗಿಸಿದ ಮೇಲೆ, ಆಲೆಮನೆಯ ಹಬೆ ಒಳಹೊಕ್ಕಿದ್ದರಿಂದಲೇ ಲೆನ್ಸು ಹಾಳಾಯಿತೆಂದು ಆರೋಪಿಸಿ, ನಾವು ಕಟ್ಟಿದ್ದ 20,000 ರೂಪಾಯಿ ಠೇವಣಿಯಲ್ಲಿ 14,500 ರೂಪಾಯಿಯನ್ನು ತಾವು ಮುರಿದುಕೊಂಡು 5,500 ರೂಪಾಯಿಯನ್ನು ಮಾತ್ರ ಮರಳಿಸಿದ್ದೀರಿ. ಲೆನ್ಸಿನೊಳಗೆ ಒಂದು ರಾತ್ರಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ನಾವು ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ.

ನಾವು ಮಾಡುತ್ತಿರುವುದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗಾಗಿ ಹದಿನಾಲ್ಕು ನಿಮಿಷದ ಒಂದು ಥ್ರಿಲ್ಲರ್. ಅದರ ಮೊದಲ ದೃಶ್ಯ ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯಲ್ಲಿ, ರಾತ್ರಿಯ ಹೊತ್ತು ನಡೆಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಬ್ಬ ಆಳು ಪಕ್ಕದ ರಾಶಿಯಿಂದ ಒಣಸಿಪ್ಪೆಯನ್ನು ತಬ್ಬಿ ತಂದು ಒಲೆಯ ಬಾಯಿಗೆ ತುರುಕುತ್ತಿರುತ್ತಾನೆ. ಆ ಸಿಪ್ಪೆಯ ರಾಶಿಯೊಳಗೆ ಎಲ್ಲೋ ಒಂದು ಮೊಬೈಲ್ ಅದುರತೊಡಗುತ್ತದೆ, ಸಿಪ್ಪೆಯ ಸಂದಿನಿಂದ ಉಗುರಿನಷ್ಟು ನೀಲಿ ಬೆಳಕು ಕಾಣುತ್ತದೆ. ಆಳು ಅದನ್ನು ಹೆಕ್ಕಿ ನೋಡಿದರೆ ಪರದೆಯ ಮೇಲೆ ‘ಮನೆ’ ಎಂದಿರುತ್ತದೆ. ಅವನು ಒಂದು ಕ್ಷಣ ಒಲೆಯನ್ನು ನೋಡಿ, ಮುಂದಿನ ಹೊರೆ ಸಿಪ್ಪೆಯ ಜೊತೆಗೆ ಆ ಮೊಬೈಲನ್ನೂ ಬೆಂಕಿಗೆ ದೂಡುತ್ತಾನೆ. ದೃಶ್ಯದಲ್ಲಿ ಒಂದು ಮಾತೂ ಇಲ್ಲ. ಆಳಿಗಿಂತ ಮೊದಲು ನೋಡುವವರ ಕಣ್ಣಿಗೆ ಆ ನೀಲಿ ಬೆಳಕು ಬೀಳಬೇಕು, ಅವನಿಗಿನ್ನೂ ಕಂಡಿಲ್ಲವಲ್ಲ ಎಂದು ನಾಲ್ಕೈದು ಕ್ಷಣ ತಳಮಳವಾಗಬೇಕು. ಅದಕ್ಕಾಗಿಯೇ ಮೊದಲ ನಲವತ್ತು ಸೆಕೆಂಡುಗಳನ್ನು ಕತ್ತರಿಯಿಲ್ಲದ ಒಂದೇ ಶಾಟ್ ಎಂದು ಯೋಜಿಸಿ, ಒಲೆಯ ಜ್ವಾಲೆಯಿಂದ ರಾಶಿಯೊಳಗಿನ ಬೆಳಕಿಗೆ ಫೋಕಸ್ ನಿಧಾನವಾಗಿ ಜರುಗುವಂತೆ ಬರೆದುಕೊಂಡಿದ್ದೆವು.

ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಉರಿಯುವ ಬೆಂಕಿ ಮತ್ತು ಪುಟ್ಟದೊಂದು ನೀಲಿ ಬೆಳಕು ಒಂದೇ ಚೌಕಟ್ಟಿನಲ್ಲಿ, ಸುತ್ತ ಕಗ್ಗತ್ತಲೆಯೊಡನೆ ಇರಬೇಕಾದ ಶಾಟಿನಲ್ಲಿ ಲೆನ್ಸಿನ ಗಾಜು ಸ್ವಚ್ಛವಾಗಿರುವುದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. 85 ಎಂಎಂ ಲೆನ್ಸನ್ನೇ ಆರಿಸಿಕೊಂಡದ್ದು ಕೂಡ ಶೋಕಿಗಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಆ ಲೆನ್ಸು ಹನ್ನೆರಡು ಅಡಿ ದೂರದಿಂದ ಸುಮಾರು ಐದು ಅಡಿ ಅಗಲವನ್ನು ತುಂಬಿಕೊಳ್ಳುತ್ತದೆ; ಆದ್ದರಿಂದ ಒಲೆಯ ಝಳಕ್ಕೂ ಕೊಪ್ಪರಿಗೆಯ ಹಬೆಗೂ ಸಿಗದಂತೆ ದೂರ ನಿಂತು ಚಿತ್ರಿಸಬಹುದೆಂಬುದು ನಮ್ಮ ಲೆಕ್ಕವಾಗಿತ್ತು. ಬುಕಿಂಗಿಗೆ ಬಂದ ದಿನ ತಮ್ಮ ಅಂಗಡಿಯಲ್ಲಿ ಇದನ್ನೆಲ್ಲ ತಮ್ಮ ಪ್ರತಿನಿಧಿಗೆ ವಿವರಿಸಿದ್ದೆವು, ಬೆಂಕಿಯನ್ನು ಎದುರಿಗಿಟ್ಟುಕೊಂಡು ಚಿತ್ರಿಸುವವರಿದ್ದೇವೆ ಎಂಬುದನ್ನೂ ತಿಳಿಸಿದ್ದೆವು.

ಅಂದು, ಅಂದರೆ ಜನವರಿ 15ರಂದು, ಅಂಗಡಿಯಲ್ಲಿ ನಮಗೆ ತೋರಿಸಿದ ಲೆನ್ಸು ಚೆನ್ನಾಗಿಯೇ ಇತ್ತು. ಅದರ ಸೀರಿಯಲ್ ಸಂಖ್ಯೆಯನ್ನು ತಮ್ಮ ಪ್ರತಿನಿಧಿಯೇ ಬುಕಿಂಗ್ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆದರೆ 18ರಂದು ಮೈಸೂರಿಗೆ ಬಂದ ಪೆಟ್ಟಿಗೆಯಲ್ಲಿದ್ದ ಲೆನ್ಸಿನ ಸಂಖ್ಯೆಯೇ ಬೇರೆ. ಬೆಳಿಗ್ಗೆ 11 ಗಂಟೆಗೆ ತಲುಪಿಸುವುದಾಗಿ ಹೇಳಿದ್ದ ಪೆಟ್ಟಿಗೆ ನಮ್ಮ ಕೈಸೇರಿದ್ದು ಸಂಜೆ ನಾಲ್ಕೂವರೆಗೆ. ಹೊರಗೆ ಟೆಂಪೊ ಕಾಯುತ್ತಿತ್ತು, ತಂದುಕೊಟ್ಟವರು ತಮಗೆ ವಾಪಸು ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು. ‘ಎಲ್ಲವೂ ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಅಚ್ಚಾದ ನಮೂನೆಗೆ ನಮ್ಮ ತಂಡದ ಕ್ಯಾಮೆರಾ ವಿದ್ಯಾರ್ಥಿನಿ ಸಹಿ ಹಾಕಿದ್ದು ಆ ಗಡಿಬಿಡಿಯಲ್ಲಿ. ಸಂಖ್ಯೆಗಳನ್ನು ತಾಳೆ ನೋಡದೆ ಸಹಿ ಹಾಕಿದ್ದು ನಮ್ಮ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇವೆ. ಆದರೆ ತೋರಿಸಿದ್ದೊಂದು ಕಳಿಸಿದ್ದೊಂದು ಆದದ್ದಕ್ಕೆ ಆ ಸಹಿ ಉತ್ತರವಾಗುವುದಿಲ್ಲ.

ರಾತ್ರಿ ಹತ್ತರ ಸುಮಾರಿಗೆ ಮೊದಲ ಶಾಟಿಗೆ ಸಿದ್ಧರಾದೆವು. ಕ್ಯಾಮೆರಾ ಸೋನಿ ಎಫ್‌ಎಕ್ಸ್3. ಆ ಕತ್ತಲೆಗೆಂದು ಅದರ ಎರಡು ಮೂಲ ಐಎಸ್‌ಒಗಳಲ್ಲಿ, ಅಂದರೆ ಬೆಳಕನ್ನು ಗ್ರಹಿಸುವ ಮಟ್ಟಗಳಲ್ಲಿ, ಹೆಚ್ಚಿನದಾದ 12,800ನ್ನು ಇಟ್ಟುಕೊಂಡು, ಲೆನ್ಸಿನ ಬಾಯಿಯನ್ನು ಟಿ1.5ಕ್ಕೆ ಪೂರ್ತಿ ತೆರೆದಿದ್ದೆವು. ಆಳು ಸಿಪ್ಪೆ ಹಾಕಿದ ಕೂಡಲೇ ಜ್ವಾಲೆ ಮೇಲೆದ್ದಿತು, ಮರುಕ್ಷಣವೇ ಚಿತ್ರದಲ್ಲಿದ್ದ ಅಷ್ಟೂ ಕಪ್ಪು, ಹಾಲು ಬೆರೆಸಿದ ಚಹಾದಂತೆ ಕಲಗಚ್ಚಾಯಿತು. ಉರಿ ತಗ್ಗಿದರೆ ಕತ್ತಲೆ ಮರಳುತ್ತಿತ್ತು, ಉರಿ ಎದ್ದರೆ ಮತ್ತೆ ಅದೇ ಬೂದಿಬಣ್ಣದ ಪರದೆ. ಮೊಬೈಲಿನ ನೀಲಿ ಬೆಳಕಂತೂ ಅದರಲ್ಲಿ ಎಲ್ಲಿದೆಯೆಂದು ನಮಗೇ ತಿಳಿಯಲಿಲ್ಲ. ಹಬೆ ಕೂತಿರಬೇಕೆಂದು ಮುಂದಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಎರಡು ಸಲ ಒರೆಸಿದೆವು, ಫಿಲ್ಟರನ್ನು ತೆಗೆದು ನೋಡಿದೆವು, ಕ್ಯಾಮೆರಾವನ್ನು ಇನ್ನೂ ಮೂರು ಅಡಿ ಹಿಂದಕ್ಕೆ ಸರಿಸಿದೆವು, ಏನೂ ಬದಲಾಗಲಿಲ್ಲ. ಕೊನೆಗೆ ಲೆನ್ಸನ್ನು ಬಿಚ್ಚಿ, ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಒಳಗಾಜಿನ ಅಂಚಿನಿಂದ ನಡುವಿನವರೆಗೆ ಜೇಡರಬಲೆಯ ಎಳೆಗಳಂಥ ಬಿಳಿಯ ಕವಲುಗಳು ಹಬ್ಬಿದ್ದವು. ಅದರ ಫೋಟೊಗಳನ್ನು ಆಗಲೇ ತೆಗೆದಿಟ್ಟಿದ್ದೇವೆ.

ರಾತ್ರಿ 11.40ಕ್ಕೆ ತಮ್ಮ ಪ್ರತಿನಿಧಿಗೆ ಕರೆಮಾಡಿದೆವು. ಅಷ್ಟು ಹೊತ್ತಿನಲ್ಲೂ ಕರೆ ಸ್ವೀಕರಿಸಿದ್ದಕ್ಕೆ ನಾವು ಋಣಿಗಳು. ಆದರೆ ಅವರು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತಿದ್ದೇವೆ: ‘ಎಡಿಟಿಂಗ್‌ನಲ್ಲಿ ಸರಿ ಮಾಡ್ಕೊಳ್ಳಿ. ಥ್ರಿಲ್ಲರ್ ತಾನೇ, ಮಂಜು ಮಂಜಾಗಿದ್ರೆ ಚೆನ್ನಾಗೇ ಇರುತ್ತೆ.’ ದೃಶ್ಯದಲ್ಲಿ ಹಬೆ ಬೇಕೆಂಬುದು ನಿಜ, ಕೊಪ್ಪರಿಗೆಯಿಂದ ಅದು ಬೇಕಾದಷ್ಟು ಏಳುತ್ತಲೂ ಇತ್ತು. ಆದರೆ ಕ್ಯಾಮೆರಾದ ಎದುರಿಗಿರುವ ಹಬೆ ಬೇರೆ, ಲೆನ್ಸಿನ ಹೊಟ್ಟೆಯೊಳಗಿರುವ ಮಸುಕು ಬೇರೆ. ಬೂಷ್ಟಿನ ಎಳೆಗಳಿಗೆ ತಗುಲಿ ಚದುರಿದ ಬೆಳಕು ಕಪ್ಪಿನ ಮೇಲೆಲ್ಲ ಹರಡಿಕೊಂಡಾಗ, ಅದರಡಿ ಮುಳುಗಿದ ಸಣ್ಣ ಬೆಳಕನ್ನು ಆಮೇಲೆ ಕಾಂಟ್ರಾಸ್ಟ್ ಏರಿಸಿ ಹೊರತೆಗೆಯಲು ಬರುವುದಿಲ್ಲ. ಅದೂ ಅಲ್ಲದೆ ಜ್ವಾಲೆ ಕುಣಿದಂತೆಲ್ಲ ಆ ಮಸುಕೂ ಏರಿಳಿಯುವುದರಿಂದ ಫ್ರೇಮಿಗೊಂದು ತಿದ್ದುಪಡಿ ಬೇಕಾಗುತ್ತದೆ. ಸಲಕರಣೆ ಬಾಡಿಗೆಗೆ ಕೊಡುವುದನ್ನೇ ಕಸುಬು ಮಾಡಿಕೊಂಡಿರುವ ತಮಗೆ ಇದು ತಿಳಿಯದ ವಿಷಯವಲ್ಲ.

ಆ ರಾತ್ರಿ 35 ಎಂಎಂ ಲೆನ್ಸನ್ನು ಹಾಕಿಕೊಂಡು, ಒಲೆಗೆ ಐದು ಅಡಿಯಷ್ಟು ಹತ್ತಿರ ಕೂತು, ಉಳಿದ ಶಾಟುಗಳನ್ನು ಹೇಗೋ ಮುಗಿಸಿದೆವು. ಫೋಕಸ್ ಎಳೆಯುತ್ತಿದ್ದ ಹುಡುಗನ ಮೊಣಕೈಯ ರೋಮ ಸುಟ್ಟು ಕರಕಾಯಿತು ಎಂಬುದನ್ನು ದೂರಿನ ಭಾಗವಾಗಿ ಹೇಳುತ್ತಿಲ್ಲ. ಆದರೆ ಮೊದಲ ನಲವತ್ತು ಸೆಕೆಂಡುಗಳ ಶಾಟ್ ಮಾತ್ರ ನಮಗೆ ಸಿಗಲೇ ಇಲ್ಲ.

ಈಗ ಜನವರಿ 24ರ ತಮ್ಮ ಮಿಂಚಂಚೆಯಲ್ಲಿರುವ ಆರೋಪಕ್ಕೆ ಬರುತ್ತೇವೆ. ಹಬೆ ತಗುಲಿದರೆ ಮುಂದಿನ ಗಾಜು ಮಬ್ಬಾಗಬಹುದು, ಅದು ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಬೂಷ್ಟು ಹಾಗಲ್ಲ, ತೇವದ ಜಾಗದಲ್ಲಿ, ಗಾಳಿಯಾಡದ ಪೆಟ್ಟಿಗೆಯಲ್ಲಿ, ವಾರಗಟ್ಟಲೆ ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಲೆನ್ಸಿನಲ್ಲಿ ಅದು ಎಳೆಎಳೆಯಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಬರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದನ್ನು ತಡೆಯಲೆಂದೇ ಬಾಡಿಗೆ ಸಂಸ್ಥೆಗಳು ಲೆನ್ಸುಗಳನ್ನು ತೇವಾಂಶ ನಿಯಂತ್ರಿಸುವ ಡ್ರೈ ಕ್ಯಾಬಿನೆಟ್ಟಿನಲ್ಲಿಡುತ್ತವೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತವೆ. ನಮಗೆ ಬಂದ ಪೆಟ್ಟಿಗೆಯಲ್ಲಿ ಅಂಥ ಪೊಟ್ಟಣ ಒಂದೂ ಇರಲಿಲ್ಲ.

ಇನ್ನೊಂದು ಸಾಕ್ಷ್ಯವೂ ನಮ್ಮಲ್ಲಿದೆ. ಆಲೆಮನೆಗೆ ಹೊರಡುವ ಮೊದಲು, ಸಂಜೆ 5.20ಕ್ಕೆ, ಹಾಸ್ಟೆಲ್ ಕೋಣೆಯಲ್ಲಿ ಇದೇ ಲೆನ್ಸಿನಿಂದ ಇಪ್ಪತ್ತು ಸೆಕೆಂಡಿನ ಒಂದು ಪರೀಕ್ಷಾ ತುಣುಕನ್ನು ಚಿತ್ರಿಸಿದ್ದೆವು. ಅದರ ಕೊನೆಯಲ್ಲಿ ಟೇಬಲ್ ಲ್ಯಾಂಪ್ ಚೌಕಟ್ಟಿನೊಳಗೆ ಬಂದಾಗ ಅದೇ ಬೂದಿಬಣ್ಣದ ಮಸುಕು ಎದ್ದು ಬೀಳುವುದು ಕಂಪ್ಯೂಟರ್ ಪರದೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕ್ಯಾಮೆರಾದ ಮೂರು ಇಂಚಿನ ಪರದೆಯಲ್ಲಿ ಆಗ ಅದು ನಮ್ಮ ಗಮನಕ್ಕೆ ಬರಲಿಲ್ಲ. ತುಣುಕಿನ ಕಡತದಲ್ಲಿ ದಿನಾಂಕ ಮತ್ತು ಸಮಯ ದಾಖಲಾಗಿವೆ. ಆ ಹೊತ್ತಿಗೆ ನಾವಿನ್ನೂ ಮೈಸೂರು ಬಿಟ್ಟೇ ಇರಲಿಲ್ಲ, ಯಾವ ಕೊಪ್ಪರಿಗೆಯ ಹಬೆಯೂ ಆ ಲೆನ್ಸಿಗೆ ಸೋಕಿರಲಿಲ್ಲ. ತಾವು ‘ಲೆನ್ಸ್ ಶುದ್ಧೀಕರಣ ವೆಚ್ಚ’ ಎಂದು 14,500 ರೂಪಾಯಿ ಹಾಕಿದ್ದೀರಿ. ಅದಕ್ಕೆ ಯಾವ ಸರ್ವಿಸ್ ಸೆಂಟರಿನ ವರದಿಯನ್ನಾಗಲಿ ಬಿಲ್ಲನ್ನಾಗಲಿ ಲಗತ್ತಿಸಿಲ್ಲ. ಲೆನ್ಸನ್ನು ನಿಜವಾಗಿ ಬಿಚ್ಚಿಸಿದ್ದರೆ, ಬೂಷ್ಟು ಎಷ್ಟು ಹಳೆಯದೆಂದು ಬಿಚ್ಚಿದವರೇ ತಮಗೆ ಹೇಳಿರುತ್ತಾರೆ.

ಬ್ಯಾಟರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕರಲ್ಲಿ ಒಂದು ಉಬ್ಬಿಕೊಂಡು ಕ್ಯಾಮೆರಾದೊಳಗೆ ಕೂರುತ್ತಲೇ ಇರಲಿಲ್ಲ, ಮೂರರಲ್ಲೇ ಸುಧಾರಿಸಿಕೊಂಡೆವು. ಎರಡು ದಿನಗಳ ಬಾಡಿಗೆ 10,000 ಮತ್ತು ಅದರ ಮೇಲೆ ಜಿಎಸ್‌ಟಿ 1,800, ಒಟ್ಟು 11,800 ರೂಪಾಯಿಯನ್ನು ಯುಪಿಐ ಮೂಲಕ ಪಡೆದ ತಾವು, ಜಿಎಸ್‌ಟಿ ನೋಂದಣಿ ಸಂಖ್ಯೆಯಿಲ್ಲದ ಕೈಬರಹದ ಚೀಟಿಯನ್ನಷ್ಟೇ ಕೊಟ್ಟಿದ್ದೀರಿ. ತೆರಿಗೆಯ ಹೆಸರಿನಲ್ಲಿ ಹಣ ಪಡೆದ ಮೇಲೆ ಅದಕ್ಕೆ ತಕ್ಕ ಬಿಲ್ ಕೊಡಬೇಕಾಗುತ್ತದೆ.

ಈ ಕಾರಣಗಳಿಂದಾಗಿ ತಡೆಹಿಡಿದ ಠೇವಣಿ 14,500 ರೂಪಾಯಿ, 85 ಎಂಎಂ ಲೆನ್ಸಿನ ಎರಡು ದಿನಗಳ ಬಾಡಿಗೆ ತೆರಿಗೆ ಸಹಿತ 2,832 ರೂಪಾಯಿ, ಮತ್ತು ಆ ಶಾಟನ್ನು ಮತ್ತೊಮ್ಮೆ ಚಿತ್ರಿಸಲು ತಗಲುವ ಟೆಂಪೊ, ಊಟ ಹಾಗೂ ಆಲೆಮನೆಯವರ ಕೆಲಸ ನಿಲ್ಲುವುದಕ್ಕೆ ಕೊಡಬೇಕಾದ ಹಣ ಸೇರಿ 7,150 ರೂಪಾಯಿ, ಹೀಗೆ ಒಟ್ಟು 24,482 ರೂಪಾಯಿಯನ್ನು ಮರಳಿಸಬೇಕೆಂದೂ, ಕ್ರಮಬದ್ಧ ಜಿಎಸ್‌ಟಿ ಬಿಲ್ಲನ್ನು ಕಳುಹಿಸಬೇಕೆಂದೂ ಕೋರುತ್ತೇವೆ. ನಾವು ಅನುಭವಿಸಿದ ಮನೋವೇದನೆಗೆಂದು ಒಂದು ಪೈಸೆಯನ್ನೂ ಸೇರಿಸಿಲ್ಲ.

ನಮ್ಮದು ವಾಣಿಜ್ಯ ಉದ್ದೇಶದ ಚಿತ್ರವಲ್ಲ. ಆದ್ದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನಾವು ಗ್ರಾಹಕರೇ. ದೋಷವಿರುವ ಸಲಕರಣೆ ಕೊಡುವುದು ಆ ಕಾಯ್ದೆಯಡಿ ಸೇವಾ ನ್ಯೂನತೆಯಾಗುತ್ತದೆ, ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿದೆ. ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿರುವುದರಿಂದ ಇದಕ್ಕಾಗಿ ನಾವು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತಮ್ಮಿಂದ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಮೈಸೂರು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇವೆ. ಬುಕಿಂಗ್ ಚೀಟಿ, ಎರಡೂ ಸೀರಿಯಲ್ ಸಂಖ್ಯೆಗಳ ಫೋಟೊ, ಟಾರ್ಚ್ ಬೆಳಕಿನಲ್ಲಿ ತೆಗೆದ ಲೆನ್ಸಿನ ಫೋಟೊಗಳು, ಸಂಜೆ 5.20ರ ತುಣುಕು, ಹಾಳಾದ ಮೂರು ಟೇಕುಗಳು ಮತ್ತು ಹಣ ಪಾವತಿಯ ವಿವರಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಈ ಪತ್ರದ ಜೊತೆ ಲಗತ್ತಿಸಿದ್ದೇವೆ.

ಆಲೆಮನೆಯ ಯಜಮಾನರು ಫೆಬ್ರವರಿ 22ರ ಶನಿವಾರ ರಾತ್ರಿ ಮತ್ತೊಮ್ಮೆ ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ. ಪ್ರಾಜೆಕ್ಟ್ ಸಲ್ಲಿಸಲು 28 ಕೊನೆಯ ದಿನ. ಆದ್ದರಿಂದ ಹಣವು 20ರ ಒಳಗೆ ನಮ್ಮ ಖಾತೆಗೆ ಬಂದರೆ, ಬೇರೊಂದು ಕಡೆಯಿಂದ 85 ಎಂಎಂ ಲೆನ್ಸನ್ನು ಬಾಡಿಗೆಗೆ ತಂದು, ಈ ಸಲ ಹಗಲಿನಲ್ಲಿಯೇ ಟಾರ್ಚ್ ಹಾಕಿ ನೋಡಿ ಹೊರಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ನಿರ್ದೇಶಕ, ಚಿತ್ರತಂಡದ ಪರವಾಗಿ